ನಿಂತ ಮುಟ್ಟು, ನಿಲ್ಲಿಸಿದ ಮುಟ್ಟು: ಕಲ್ಯಾಣ ಕರ್ನಾಟಕದ ಹಿನ್ನೆಲೆಯಲ್ಲಿ ಋತುಬಂಧದ ಮರುವಿಚಾರ

ಋತುಬಂಧದ ವೈದ್ಯಕೀಯ ಸಾಹಿತ್ಯವನ್ನು ಓದುತ್ತ ಹೋದರೆ ಅದರ ನಡುವೆ ಒಬ್ಬ ಮಾದರಿ ಹೆಂಗಸು ಕಾಣಿಸಿಕೊಳ್ಳುತ್ತಾಳೆ. ಆಕೆಗೆ ಐವತ್ತೊಂದರ ಆಸುಪಾಸು. ಮುಟ್ಟು ಕೆಲವು ವರ್ಷ ಏರುಪೇರಾಗಿ, ಆಮೇಲೆ ಅಪರೂಪವಾಗಿ, ಕೊನೆಗೆ ಹನ್ನೆರಡು ತಿಂಗಳು ಸತತವಾಗಿ ಕಾಣಿಸದೆ ಹೋಗುತ್ತದೆ. ಹೀಗೆ ಹಿಂತಿರುಗಿ ನೋಡಿ ಎಣಿಸಿದ ಆ ಕಡೆಯ ಮುಟ್ಟೇ ಋತುಬಂಧ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ ತಜ್ಞರು ರೂಪಿಸಿ, ಹತ್ತು ವರ್ಷಗಳ ಬಳಿಕ ಪರಿಷ್ಕರಿಸಿದ ಹಂತಗಳ ಪಟ್ಟಿ ನಿಂತಿರುವುದು ಈ ಮುಟ್ಟಿನ ಲೆಕ್ಕದ ಮೇಲೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈ ಲೆಕ್ಕ ಸಲ್ಲದು ಎಂಬುದನ್ನು ಆ ತಜ್ಞರೂ ಒಪ್ಪುತ್ತಾರೆ. ಅಂಥವರು ವಿರಳವಾಗಿರುವ ಕಡೆ ಇದು ಸಣ್ಣ ಅಪವಾದವಾಗಿ ಉಳಿದೀತು. ದಖ್ಖನಿನ ಒಣ ಜಿಲ್ಲೆಗಳಲ್ಲಿ ಅದನ್ನು ಅಪವಾದವೆಂದು ಬದಿಗಿಡಲು ಬಾರದು. ಋತುಬಂಧದ ನಿರ್ವಹಣೆಯ ಬಗ್ಗೆ ನಾವು ಕೊಡುವ ಸಲಹೆಯ ಬಹುಭಾಗ ಆ ಮಾದರಿ ಹೆಂಗಸಿಗಾಗಿ ಹುಟ್ಟಿದ್ದು. ಅದರ ಅಗತ್ಯ ಅತಿ ಹೆಚ್ಚಾಗಿರುವ ನಮ್ಮ ಹೆಣ್ಣುಮಕ್ಕಳನ್ನು ಅದು ತಲುಪುತ್ತಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ವಯಸ್ಸಿನ ಮಾತು. ಪಾಶ್ಚಾತ್ಯ ದೇಶಗಳಲ್ಲಿ ಸಹಜ ಋತುಬಂಧದ ಸರಾಸರಿ ವಯಸ್ಸು ಐವತ್ತೊಂದು. ಇಂಡಿಯನ್ ಮೆನೊಪಾಸ್ ಸೊಸೈಟಿಯ ಅಖಿಲ ಭಾರತ ಸಮೀಕ್ಷೆ 2016ರಲ್ಲಿ ಪ್ರಕಟಿಸಿದ ಸರಾಸರಿ 46.2. ಐದು ವರ್ಷದ ಅಂತರವೆಂದರೆ ಐದು ವರ್ಷ ಕಡಿಮೆ ಈಸ್ಟ್ರೊಜನ್, ಅಷ್ಟೇ ವರ್ಷ ಮೊದಲೇ ಶುರುವಾಗುವ ಮೂಳೆಯ ಸವೆತ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧಕರು 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳಿಂದ ಇನ್ನೂ ಆತಂಕದ ಚಿತ್ರವೊಂದನ್ನು ಹೊರತೆಗೆದಿದ್ದರು: 29ರಿಂದ 34ರೊಳಗಿನ ವಯಸ್ಸಿನಲ್ಲೇ ಶೇ. 4ರಷ್ಟು, 35ರಿಂದ 39ರೊಳಗೆ ಶೇ. 8ರಷ್ಟು ಹೆಂಗಸರಲ್ಲಿ ಮುಟ್ಟು ನಿಂತಿರುವ ಲಕ್ಷಣ. ಬಡತನ, ಅಪೌಷ್ಟಿಕತೆ, ಅನಕ್ಷರತೆಗಳ ಜೊತೆ ಅದಕ್ಕೆ ನಂಟಿರುವುದೂ ಕಂಡಿತ್ತು.

ಆದರೆ ಆ ಸಂಖ್ಯೆಗಳನ್ನು ಓದುವಾಗ ಸಮೀಕ್ಷೆಯ ರಚನೆಯ ಮೇಲೂ ಒಂದು ಕಣ್ಣಿಡಬೇಕು. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಈ ಸಮೀಕ್ಷೆ ದೇಶದಾದ್ಯಂತ ನೇರವಾಗಿ ಕೇಳಿದ್ದು 2015–16ರ ನಾಲ್ಕನೆಯ ಸುತ್ತಿನಲ್ಲಿ, ಅದೇ ಮೊದಲು. ಅದಕ್ಕೂ ಹಿಂದಿನ ‘ಅಕಾಲ ಋತುಬಂಧ’ದಲ್ಲಿ ಪ್ರಕೃತಿಯ ಪಾಲೆಷ್ಟು, ಕತ್ತರಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸಮೀಕ್ಷೆಯ ಈ ಭಾಗ ನಿಲ್ಲುವುದೂ ನಲವತ್ತೊಂಬತ್ತಕ್ಕೇ. ಹೆರುವ ವಯಸ್ಸು ದಾಟಿದ ದೇಹದಲ್ಲಿ ಅದಕ್ಕೆ ಆಸಕ್ತಿಯಿಲ್ಲ. ನಾಲ್ಕನೆಯ ಸುತ್ತಿನಲ್ಲಿ 15–49ರ ಹೆಂಗಸರ ಪೈಕಿ ದೇಶದಲ್ಲಿ ಶೇ. 3.2 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಆಂಧ್ರಪ್ರದೇಶದಲ್ಲಿ ಅದು ಶೇ. 8.9, ತೆಲಂಗಾಣದಲ್ಲಿ ಶೇ. 7.7. ಮೂರರಲ್ಲಿ ಎರಡು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲೇ ಆಗಿದ್ದವು. ಹೆಚ್ಚಿನವರು ಹೇಳಿದ ಕಾರಣ ಅತಿಯಾದ ರಕ್ತಸ್ರಾವ ಅಥವಾ ನೋವು.

ಕಲಬುರಗಿಯ ಪ್ರಕರಣವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. 2015ರ ಹೊತ್ತಿಗೆ ಅಲ್ಲಿನ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಕೇರಿಗಳ ಹೆಂಗಸರು ಸಾಲಾಗಿ ಗರ್ಭಚೀಲ ತೆಗೆಸಿಕೊಂಡಿರುವುದನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬೆಳಕಿಗೆ ತಂದಿತು. ಕೆಲವೇ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಇಂಥ ಶಸ್ತ್ರಚಿಕಿತ್ಸೆ ನಡೆದದ್ದು ಸರ್ಕಾರಿ ವಿಚಾರಣೆಯಲ್ಲಿ ಹೊರಬಿತ್ತು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ, ಹೊಟ್ಟೆ ಹಿಡಿಯುತ್ತದೆ ಎಂದು ಹೋದವರಿಗೆ ‘ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಹೆದರಿಕೆ ಹಾಕಿ ಒಪ್ಪಿಸಲಾಗಿತ್ತು. ಬಿಳಿ ಹೋಗುವುದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಸೋಂಕಿನ ಚಿಕಿತ್ಸೆ. ಅತಿಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದೆ, ಹಾರ್ಮೋನು ಬಿಡುಗಡೆ ಮಾಡುವ ವಂಕಿ ಇದೆ, ರಕ್ತಹೀನತೆಗೆ ಕಬ್ಬಿಣಾಂಶವಿದೆ. ಇವಾವುವೂ ಹೊಸ ಔಷಧಗಳಲ್ಲ. ಕಲಬುರಗಿಯೊಂದರದೇ ಕಥೆಯಲ್ಲ ಇದು: ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ಮಾತಾಡಿಸಿದ ಸರ್ಕಾರಿ ಸಮಿತಿ 13,861 ಮಂದಿಗೆ ಗರ್ಭಕೋಶ ಇಲ್ಲದಿರುವುದನ್ನು 2019ರಲ್ಲಿ ಕಂಡುಕೊಂಡಿತು. ಬೆಳಗಾವಿ, ಬಾಗಲಕೋಟೆಗಳ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬರುವ ಗ್ಯಾಂಗುಗಳಲ್ಲಿ ಅದೇ ಜಿಲ್ಲೆಯವರು ಸೇರಿರುತ್ತಾರೆ.

ವೈದ್ಯರ ದುರಾಸೆಯೊಂದೇ ಇದಕ್ಕೆ ಕಾರಣವೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡವರು, ಅದೂ ಬಹುಪಾಲು ಇಪ್ಪತ್ತರ ಹರೆಯದಲ್ಲೇ. ಮಕ್ಕಳು ಸಾಕೆಂದಾದ ಮೇಲೆ ಗರ್ಭಚೀಲ ಕೆಲಸವಿಲ್ಲದ ಅಂಗವಾಗುತ್ತದೆ. ಕೂಲಿ ತಪ್ಪಿಸುವ, ಬಟ್ಟೆ ಒಗೆಯಲು ನೀರು ಬೇಡುವ, ದೇವರ ಮನೆಯಿಂದ ದೂರ ಇಡುವ ತಿಂಗಳ ಕಾಟ ಮಾತ್ರ ಉಳಿಯುತ್ತದೆ. ಮುಟ್ಟಿನಿಂದ ಬಿಡುಗಡೆ ಬೇಕೆಂಬ ಹೆಣ್ಣುಮಕ್ಕಳ ಬಯಕೆ ನಿಜವಾದದ್ದೇ. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಶಾ ಫ್ಲಿಂಟ್ 1975ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ನೆನಪಾಗುತ್ತದೆ. ಮುಟ್ಟು ನಿಂತ ಮೇಲೆ ರಜಪೂತ ಹೆಂಗಸರಿಗೆ ಪರದೆಯಿಂದ ಹೊರಬರುವ, ಗಂಡಸರ ಜೊತೆ ಕೂತು ಮಾತಾಡುವ ಸ್ವಾತಂತ್ರ್ಯ ಸಿಗುವುದರಿಂದ ಅವರಲ್ಲಿ ಋತುಬಂಧದ ತೊಂದರೆಗಳು ಕಡಿಮೆ ಎಂದು ಆಕೆ ವಾದಿಸಿದರು. ಭಾರತೀಯರಿಗೆ ಇದೆಲ್ಲ ಬಾಧಿಸುವುದಿಲ್ಲ ಎನ್ನಲು ಆ ಪ್ರಬಂಧವನ್ನು ಅರ್ಧ ಶತಮಾನ ಬಳಸಿಕೊಂಡದ್ದಾಗಿದೆ. ಸ್ಥಾನಮಾನ ಏರಿದರೆ ಮನಸ್ಸು ಹಗುರಾದೀತು. ಮೂಳೆಗೆ ಸ್ಥಾನಮಾನ ಗೊತ್ತಾಗುವುದಿಲ್ಲ.

ಇಲ್ಲಿ ಅಂಗರಚನೆಯ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆಯೇ ಹೊರತು ಋತುಬಂಧ ಆಗುವುದಿಲ್ಲ. ಈಸ್ಟ್ರೊಜನ್ ಒಸರುವುದು ಅಂಡಾಶಯದಿಂದ. ಎರಡೂ ಅಂಡಾಶಯಗಳನ್ನು ಜೊತೆಗೇ ತೆಗೆದರೆ, ಸಹಜವಾಗಿ ವರ್ಷಗಟ್ಟಲೆ ನಡೆಯಬೇಕಾದ ಇಳಿತ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಉಳಿಸಿದರೂ ಪೂರ್ಣ ಭರವಸೆಯಿಲ್ಲ: ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂಡಾಶಯ ಉಳಿಸಿ ಗರ್ಭಕೋಶ ತೆಗೆದವರ ಪೈಕಿ ಶೇ. 14.8ರಷ್ಟು ಮಂದಿಯ ಅಂಡಾಶಯಗಳು ನಾಲ್ಕು ವರ್ಷದೊಳಗೆ ಸೋತಿದ್ದವು. ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಅದು ಶೇ. 8. ಅಂಥವಳಿಗೆ ಮುಟ್ಟೆಂಬ ಸೂಚಕವೇ ಇಲ್ಲದಿರುವುದರಿಂದ ಋತುಬಂಧ ಬಂದದ್ದೂ ತಿಳಿಯುವುದಿಲ್ಲ. ಮೂವತ್ತೆಂಟಕ್ಕೆ ರಾತ್ರಿ ಬೆವೆತು ಎದ್ದು ಕೂರುವವಳಿಗೆ ಅದು ‘ಮೈ ಉರಿ’, ‘ನಿಶ್ಶಕ್ತಿ’. ಊರ ಡಾಕ್ಟರು ಬಿ ಕಾಂಪ್ಲೆಕ್ಸ್ ಬರೆದು ಕಳಿಸುತ್ತಾರೆ.

ಆ ಉರಿಯ ಕಾರ್ಯವಿಧಾನ ಈಗ ಸಾಕಷ್ಟು ಸ್ಪಷ್ಟವಾಗಿದೆ. ಹೈಪೊಥಲಾಮಸ್‌ನಲ್ಲಿರುವ ಒಂದು ಗುಂಪಿನ ನರಕೋಶಗಳನ್ನು ಈಸ್ಟ್ರೊಜನ್ ಹಿಡಿತದಲ್ಲಿಟ್ಟಿರುತ್ತದೆ. ಅದು ಇಳಿದಾಗ ಆ ಕೋಶಗಳು ಉಬ್ಬಿ, ನ್ಯೂರೋಕೈನಿನ್ ಬಿ ಎಂಬ ಸಂದೇಶವಾಹಕದ ಮೂಲಕ ದೇಹದ ಉಷ್ಣನಿಯಂತ್ರಣ ಕೇಂದ್ರವನ್ನು ಕೆಣಕುತ್ತವೆ. ಮೈ ಸಹಿಸಿಕೊಳ್ಳುವ ತಾಪದ ವ್ಯಾಪ್ತಿ ಕಿರಿದಾಗಿ, ಅತಿ ಸಣ್ಣ ಏರಿಕೆಗೂ ರಕ್ತನಾಳ ಹಿಗ್ಗಿ ಬೆವರು ಕಿತ್ತುಬರುತ್ತದೆ. ಈ ಹಾದಿಯನ್ನೇ ತಡೆಯುವ, ಹಾರ್ಮೋನಲ್ಲದ ಫೆಜೊಲಿನೆಟಂಟ್ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಖಿನ್ನತೆಗೆ ಕೊಡುವ ಕೆಲವು ಔಷಧಗಳು, ಗ್ಯಾಬಪೆಂಟಿನ್, ವರ್ತನಾ ಚಿಕಿತ್ಸೆ ಇವೂ ಉರಿಯನ್ನು ಒಂದಷ್ಟು ತಗ್ಗಿಸುತ್ತವೆ. ಆದರೆ ಎಳೆಯ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವಳಿಗೆ ಬೆವರು ನಿಂತರೆ ಸಾಲದು. ನಲವತ್ತೈದಕ್ಕೆ ಮೊದಲು ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಹೃದ್ರೋಗದ, ಮೂಳೆಮುರಿತದ, ಮರೆಗುಳಿತನದ ಸಂಭವ ಹೆಚ್ಚೆಂದು ಮೇಯೊ ಕ್ಲಿನಿಕ್‌ನ ದೀರ್ಘಕಾಲದ ಅಧ್ಯಯನಗಳು ಸೇರಿದಂತೆ ಹಲವು ಸಂಶೋಧನೆಗಳು ತೋರಿಸಿವೆ. ಸ್ತನ ಕ್ಯಾನ್ಸರಿನಂಥ ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಈಸ್ಟ್ರೊಜನ್ ಮರುಪೂರಣ ಕೊಡಬೇಕೆಂಬುದರಲ್ಲಿ ಇಂದಿನ ಮಾರ್ಗಸೂಚಿಗಳಿಗೆ ಭಿನ್ನಮತವಿಲ್ಲ.

ಕೊಡುತ್ತಿಲ್ಲವೇಕೆ? ಉತ್ತರದ ಒಂದು ಎಳೆ 2002ರ ಜುಲೈಗೆ ಹೋಗುತ್ತದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಹೆಂಗಸರಲ್ಲಿ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಜೋಡಿಯನ್ನು ಪರೀಕ್ಷಿಸುತ್ತಿದ್ದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಎಂಟು ಸ್ತನ ಕ್ಯಾನ್ಸರ್, ಎಂಟು ಪಾರ್ಶ್ವವಾಯು ಹೆಚ್ಚಾಗಿ ಕಂಡಿದ್ದವು. ಸೊಂಟದ ಮೂಳೆಮುರಿತ ಐದು ಕಡಿಮೆಯಾಗಿದ್ದವು. ಪತ್ರಿಕೆಗಳಲ್ಲಿ ಮೊದಲನೆಯದಷ್ಟೇ ಸುದ್ದಿಯಾಯಿತು. ಭಾಗವಹಿಸಿದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ದಶಕ ದಾಟಿದವರು ಎಂಬ ವಿವರ ಹಿಂದೆ ಬಿತ್ತು. ನಮ್ಮ ಚರ್ಚೆಗೆ ಇದಕ್ಕಿಂತ ಮುಖ್ಯವಾದದ್ದು ಅದೇ ಸಂಶೋಧನೆಯ ಇನ್ನೊಂದು ಕವಲು. ಗರ್ಭಕೋಶವಿಲ್ಲದ 10,739 ಹೆಂಗಸರಿಗೆ ಅಲ್ಲಿ ಈಸ್ಟ್ರೊಜನ್ ಒಂದನ್ನೇ ಕೊಡಲಾಗಿತ್ತು, ಏಕೆಂದರೆ ಪ್ರೊಜೆಸ್ಟಿನ್ ಬೇಕಾಗುವುದು ಗರ್ಭಕೋಶದ ಒಳಪದರದ ರಕ್ಷಣೆಗೆ. ಪಾರ್ಶ್ವವಾಯು ಹೆಚ್ಚಿದ್ದರಿಂದ ಅದನ್ನೂ 2004ರಲ್ಲಿ ನಿಲ್ಲಿಸಿದರು. ಆದರೆ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಅವರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಡಿಮೆಯೇ ಆಗಿತ್ತು. ಕಲಬುರಗಿಯ ತಾಂಡಾದ ಹೆಂಗಸಿಗೆ ಹೋಲಿಕೆಯಿರುವುದು ಈ ಎರಡನೆಯ ಕವಲಿಗೆ, ಅದೂ ಇಪ್ಪತ್ತೈದು ವರ್ಷ ಎಳೆಯಳಾಗಿ. ಆಕೆಗೆ ಔಷಧ ತಪ್ಪಿಸಿರುವ ಹೆದರಿಕೆ ಮಾತ್ರ ಮೊದಲನೆಯ ಕವಲಿನದು. ಕಳೆದೆರಡು ದಶಕಗಳ ಋತುಬಂಧ ಚಿಕಿತ್ಸೆಯಲ್ಲಿ ಇಷ್ಟು ವಿಪರ್ಯಾಸದ ಸಂಗತಿ ಮತ್ತೊಂದಿಲ್ಲ ಎಂದು ನನಗನ್ನಿಸುತ್ತದೆ.

ಆಹಾರದ ಸಲಹೆಯಲ್ಲೂ ಇದೇ ಬಗೆಯ ತಪ್ಪು ವಿಳಾಸ ಕಾಣುತ್ತದೆ. ಋತುಬಂಧದ ನಂತರ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ‘ರಾಗಿ ತಿನ್ನಿ’ ಎಂಬ ಕರಪತ್ರ ಮಂಡ್ಯ, ತುಮಕೂರಿಗೆ ಸರಿ: ರಾಗಿಯಲ್ಲಿ ನೂರು ಗ್ರಾಮಿಗೆ 364 ಮಿಲಿಗ್ರಾಂ ಇದೆ. ಕಲಬುರಗಿಯವರ ಊಟ ಜೋಳದ ರೊಟ್ಟಿ. ಅದರಲ್ಲಿ ಇರುವುದು ಸುಮಾರು 28 ಮಾತ್ರ. ರೊಟ್ಟಿಯ ಜೊತೆಗಿನ ಮೊಸರು, ಸೊಪ್ಪು, ಗುರೆಳ್ಳು, ಎಳ್ಳು ಎಷ್ಟಿವೆ ಎಂಬುದರ ಮೇಲೆ ಅಲ್ಲಿನ ಲೆಕ್ಕ ನಿಂತಿದೆ.

ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಜಿಲ್ಲಾ ಮಟ್ಟದ ನಿಗಾ ಸಮಿತಿಗಳು ಅದರ ಭಾಗ. ಇದು ಮುಂದಿನವರಿಗಾಗಿ. ಈಗಾಗಲೇ ತೆಗೆಸಿಕೊಂಡವರ ವಿಷಯದಲ್ಲಿ ಸಂಶೋಧನೆ ಶುರುವಾಗಬೇಕಾದದ್ದು ಡಿಸ್ಚಾರ್ಜ್ ಚೀಟಿಯಿಂದ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬ ಒಂದು ಸಾಲು ಅದರಲ್ಲಿ ಇದೆಯೇ, ಇದ್ದರೆ ಆಕೆ ಓದಬಲ್ಲ ಭಾಷೆಯಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಆ ಸಾಲಿಲ್ಲದ ಕಡೆ ಸ್ಕ್ಯಾನಿಂಗ್ ಮತ್ತು ಎಫ್‌ಎಸ್‌ಎಚ್ ರಕ್ತಪರೀಕ್ಷೆಗಳಿಂದ ಒಬ್ಬೊಬ್ಬಳ ಸ್ಥಿತಿಯನ್ನೂ ಗುರುತಿಸಿ, ಐವತ್ತರೊಳಗಿನವರನ್ನು ಬೇರೆ ಮಾಡಿ, ಮೂಳೆಯ ಸಾಂದ್ರತೆ ಅಳೆದು, ಈಸ್ಟ್ರೊಜನ್ ಯಾರಿಗೆ ಸಲ್ಲುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲೇ ನಿರ್ಧರಿಸಬಹುದು. ಮೂವತ್ತು ದಾಟಿದವರ ಬಿಪಿ, ಸಕ್ಕರೆ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಈಗಾಗಲೇ ಮನೆಮನೆಗೆ ಹೋಗಿ ಅರ್ಜಿ ತುಂಬುತ್ತಿದ್ದಾರೆ. ‘ಚೀಲ ತೆಗೆಸೀಯೇನವ್ವಾ, ಯಾವಾಗ?’ ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಸಾಲು ಸೇರಿಸಿದರೆ ಅಧ್ಯಯನಕ್ಕೆ ಬೇಕಾದ ಮೊದಲ ಪಟ್ಟಿ ಸಿದ್ಧವಾಗುತ್ತದೆ.