ಹೊಳೆಯಾಚೆ ಫಾರಿನ್ನು!

ಗೂಗಲ್ ಅಂದ್ರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಸರ್ಚ್ ಇಂಜಿನ್ ಅಲ್ಲ ಮಾರಾಯ್ರೆ, ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯ ಊರು, ಅಲ್ಲಿನ ಅಲ್ಲಮಪ್ರಭು ಗುಡಿ. ನಿಜಾಮರ ಕಾಲದಲ್ಲಿ ಗೂಗಲ್‌ನವರು ಕೃಷ್ಣೆ ದಾಟಿದರೂ ಹೈದರಾಬಾದ್ ರಾಜ್ಯದಲ್ಲೇ ಇರ್ತಿದ್ದರು. ಆದರೆ ದಕ್ಷಿಣಕ್ಕೆ ಬಂದು ಮಾನ್ವಿ ತಾಲೂಕಿನ ಅಂಚಲ್ಲಿ ತುಂಗಭದ್ರೆ ದಾಟಿ ಸಿರುಗುಪ್ಪದ ಕಡೆ ಕಾಲಿಟ್ಟರೆ ಕಥೆಯೇ ಬೇರೆ. ಅದು ಮದ್ರಾಸ್ ಪ್ರಾಂತ್ಯ, ಬ್ರಿಟಿಷರ ನೆಲ. ಈಚೆಗೂ ಕನ್ನಡ, ಆಚೆಗೂ ಕನ್ನಡ, ನೆಂಟಸ್ತನವೂ ಇತ್ತು. ಆದರೂ ಕಾನೂನಿನ ಲೆಕ್ಕಕ್ಕೆ ಫಾರಿನ್ನು!

ಮೊದಲ ತೊಡಕು ನಾಣ್ಯದ್ದು. ಈಚೆ ಹಾಲಿ ಸಿಕ್ಕಾ, ಆಚೆ ಕಲ್ದಾರ್ ರೂಪಾಯಿ. 7 ಹಾಲಿ ಸಿಕ್ಕಾಗೆ 6 ಕಲ್ದಾರ್. ಅಂದ್ರೆ ಮನೆಯವರೆಲ್ಲ ಸೇರಿ ಕೂಡಿಟ್ಟ 700 ರೂಪಾಯಿ ಹೊಳೆ ದಾಟುವಷ್ಟರಲ್ಲಿ 600 ಆಗೋದು. ಇದು ತೆರಿಗೆ ಅಲ್ಲ, ಬರೀ ವಿನಿಮಯ ದರ. ಆದರೆ ಕೈಯಲ್ಲಿ ಎಣಿಸೋರಿಗೆ ಅನಿಸೋದು ಬೇರೇನೇ ಅಲ್ವಾ? ಸರಕು ಒಯ್ದರೆ ಕರೋಡಗಿರಿ, ಅಂದ್ರೆ ನಿಜಾಮರ ಸುಂಕ ಇಲಾಖೆ. 1802ರ ವ್ಯಾಪಾರ ಒಪ್ಪಂದದಲ್ಲಿ ನಿಂತ ದರ ಶೇಕಡಾ 5.

ನನಗೆ ಕುತೂಹಲ ಹುಟ್ಟಿಸಿದ್ದು ಆದಾಯ ತೆರಿಗೆ. ಬ್ರಿಟಿಷ್ ಇಂಡಿಯಾದ 1922ರ ಕಾಯ್ದೆಯಲ್ಲಿ ‘ತಂದದ್ದು’ ಅನ್ನೋ ಮಾತು ಬಹಳ ಮುಖ್ಯ. 1940ರ ದಶಕದ ನಿಯಮ ಹೀಗಿತ್ತು: ಸಂಸ್ಥಾನದಲ್ಲಿ ಹುಟ್ಟಿದ ಆದಾಯ ಅಲ್ಲೇ ಇದ್ದರೆ ಬ್ರಿಟಿಷರ ತೆರಿಗೆ ಇಲ್ಲ, ಬ್ರಿಟಿಷ್ ನೆಲಕ್ಕೆ ತಂದರೆ ಉಂಟು. ಸಿರುಗುಪ್ಪದಲ್ಲಿ ಮನೆ, ಮಾನ್ವಿಯಲ್ಲಿ ಅಂಗಡಿ ಇರೋ ಒಬ್ಬ ವ್ಯಾಪಾರಿಯನ್ನ ಊಹಿಸಿಕೊಳ್ಳಿ. ಲಾಭ ಮಾನ್ವಿಯ ಪೆಟ್ಟಿಗೆಯಲ್ಲಿದ್ದಷ್ಟು ದಿನ ಅವನು ನಿಶ್ಚಿಂತ. ಅದನ್ನೇ ಮಗಳ ಮದುವೆಗೆ ಅಂತ ಹೊಳೆ ದಾಟಿಸಿದ ಕೂಡಲೇ ಪ್ರಶ್ನೆ: ಇದು ಅಸಲೋ, ಲಾಭವೋ? ಅಸಲಾದರೆ ತೆರಿಗೆ ಇಲ್ಲ. ಹೇಳೋದೇನೋ ಸುಲಭ, ಲೆಕ್ಕದ ಪುಸ್ತಕ ತೋರಿಸಿ ಒಪ್ಪಿಸಬೇಕಲ್ಲ! ಒಂದೇ ಪೆಟ್ಟಿಗೆಯಲ್ಲಿ ಬೆರೆತ ರೂಪಾಯಿಗಳಿಗೆ ಟೈಮ್‌ಸ್ಟ್ಯಾಂಪ್ ಇರಲ್ಲ ನೋಡಿ.

ಹೈದರಾಬಾದ್ ತನ್ನದೇ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿದ್ದು ಫಸಲಿ 1357ರಲ್ಲಿ, ಅಂದ್ರೆ 1947-48ರ ಸುಮಾರಿಗೆ. ಅಷ್ಟರಲ್ಲಿ ರಾಜ್ಯವೇ ಮುಗಿಯಿತು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ, 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ. ಹಾಲಿ ಸಿಕ್ಕಾ ಮಾತ್ರ ಹಠಮಾರಿ, ಅದು ಪೂರ್ತಿ ರದ್ದಾಗಿದ್ದು 1959ರಲ್ಲಿ. ಆ ಹೊತ್ತಿಗೆ ರಾಯಚೂರು ಮೈಸೂರು ರಾಜ್ಯ ಸೇರಿ ಮೂರು ವರ್ಷ ಆಗಿತ್ತು.

ಆನ್‌ಸೈಟ್‌ನಿಂದ ವಾಪಸ್ ಬರೋ ಗೆಳೆಯರು ಈಗಲೂ ಕೇಳೋದು ಇದನ್ನೇ: ‘ಉಳಿಸಿದ ಡಾಲರ್ ತಂದರೆ ಟ್ಯಾಕ್ಸ್ ಕಟ್ಟಬೇಕೇನೋ?’ ಅನಿವಾಸಿಯಾಗಿದ್ದಾಗ ಹೊರದೇಶದಲ್ಲಿ ದುಡಿದು ಉಳಿಸಿದ್ದನ್ನ ಬರೀ ಇಲ್ಲಿಗೆ ತಂದ ಮಾತ್ರಕ್ಕೆ ಆದಾಯ ತೆರಿಗೆ ಇಲ್ಲ. ಈಗ ಲೆಕ್ಕ ಹಿಡಿಯೋದು ದುಡ್ಡು ಯಾವಾಗ ಗಡಿ ದಾಟಿತು ಅಂತಲ್ಲ, ನೀವು ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದಿರಿ ಅಂತ. ಪೂರ್ತಿ ನಿವಾಸಿ ಆದಮೇಲೆ ಅಲ್ಲಿನ ಖಾತೆಯ ಬಡ್ಡಿ, ಅದನ್ನ ತರದೇ ಅಲ್ಲೇ ಬಿಟ್ಟರೂ, ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಮಾನ್ವಿಯ ಪೆಟ್ಟಿಗೆಯ ಉಪಾಯ ಈಗ ನಡೆಯಲ್ಲ.