ಕಪ್ಪಾಗುವ ಪರದೆಯೂ ಬರ್ ದುಬೈಯ ಕುಶಲಕರ್ಮಿಗಳೂ

ಶೇಖ್ ರಾಶಿದ್ ಬಿನ್ ಸಯೀದ್ ಅಲ್ ಮಕ್ತೂಮರ ಆಳ್ವಿಕೆಯಲ್ಲಿ 1959ರಲ್ಲಿ ಸ್ಥಾಪಿತವಾದ ವಿದ್ಯುತ್ ಕಂಪನಿಯು 1961ರಲ್ಲಿ ಪೂರೈಕೆಯನ್ನಾರಂಭಿಸುವವರೆಗೂ, ಖಾರಿಯ ಇಕ್ಕೆಲಗಳಲ್ಲಿ ಹಬ್ಬಿದ್ದ ದುಬೈ ಪಟ್ಟಣವು ಬಹುಮಟ್ಟಿಗೆ ಎಣ್ಣೆದೀಪಗಳ ಬೆಳಕಿನಲ್ಲಿಯೇ ರಾತ್ರಿಗಳನ್ನು ಕಳೆಯುತ್ತಿದ್ದಿತು. ಅಂಥ ಊರಿನಲ್ಲಿ 1979ರ ವೇಳೆಗೆ 39 ಅಂತಸ್ತುಗಳ ವರ್ಲ್ಡ್ ಟ್ರೇಡ್ ಸೆಂಟರ್ ತಲೆಯೆತ್ತಿ, 1981ರಲ್ಲಿ ಅಲ್ಲಿಯೇ, ಇಂದು ಜೈಟೆಕ್ಸ್ ಎಂದು ಪ್ರಸಿದ್ಧವಾಗಿರುವ ಕಂಪ್ಯೂಟರ್ ಪ್ರದರ್ಶನವು ಪ್ರಾರಂಭವಾದುದು ಸಾಮಾನ್ಯ ಸಂಗತಿಯಲ್ಲ. ಆದರೆ ಪ್ರದರ್ಶನದಲ್ಲಿ ಮಿನುಗಿದ ಯಂತ್ರವು ಕಚೇರಿಯ ಮೇಜಿನ ಮೇಲೆ ಕೆಟ್ಟು ನಿಂತಾಗ ಅದನ್ನು ಎತ್ತಿಕೊಂಡು ಹೋಗುವುದೆಲ್ಲಿಗೆ? ಆ ಪ್ರಶ್ನೆಗೆ ಉತ್ತರವಾಗಿ ಬೆಳೆದ ವೃತ್ತಿಯೊಂದರ ವೃತ್ತಾಂತವೂ ಆ ನಗರದ ಚರಿತ್ರೆಯಲ್ಲಿ ಸೇರತಕ್ಕದ್ದೆಂದು ನಾನು ನಂಬಿದ್ದೇನೆ.

ಬ್ಯಾಂಕುಗಳ ಸಾಲಿನಿಂದ ಬ್ಯಾಂಕ್ ಸ್ಟ್ರೀಟ್ ಎನಿಸಿಕೊಂಡಿದ್ದ ಬರ್ ದುಬೈಯ ಖಾಲಿದ್ ಬಿನ್ ವಲೀದ್ ರಸ್ತೆಯು, ಕ್ರಮೇಣ ಜನರ ಬಾಯಲ್ಲಿ ಕಂಪ್ಯೂಟರ್ ಸ್ಟ್ರೀಟೂ ಆಯಿತು. 1985ರಲ್ಲಿ ಜೆಬೆಲ್ ಅಲಿಯ ಮುಕ್ತ ವಲಯ ತೆರೆದ ಮೇಲೆ ಪೂರ್ವದೇಶಗಳ ಸರಕು ಧಾರಾಳವಾಗಿ ಬಂದು ಇಳಿಯಿತು. ಅಬುಧಾಬಿಯಲ್ಲಿ ಜನ ಇಂದಿಗೂ ಎಲೆಕ್ಟ್ರಾ ಎಂದೇ ಕರೆಯುವ ಬೀದಿಯಲ್ಲಿಯೂ ಇದೇ ವ್ಯಾಪಾರ ಬೇರೂರಿತು. ಬೀದಿಯ ಮುಂಭಾಗ ಮಾರುವವರದು. ಹಿಂಬದಿಯ ಓಣಿ, ಮಹಡಿಯ ಸಣ್ಣ ಕೋಣೆ ರಿಪೇರಿಯವರದು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳ ಕಡೆಯಿಂದ, ಐಟಿಐಯಲ್ಲಿ ರೇಡಿಯೊ, ಟಿವಿ ಕೆಲಸ ಕಲಿತು ಗಲ್ಫಿಗೆ ಹೋದ ನಮ್ಮ ತರುಣರೂ ಅಂಥ ಕೋಣೆಗಳಲ್ಲಿ ಬೆಸುಗೆಯ ಕಡ್ಡಿ ಹಿಡಿದು ಕುಳಿತರು.

ಮಾನಿಟರೊಂದು ಉರಿಯುತ್ತಿರುವಂತೆಯೇ ಕಪ್ಪಾಗುವುದು, ಮತ್ತೆ ಬೆಳಗುವುದು, ಪುನಃ ಕಪ್ಪಾಗುವುದು—ಈ ಲಕ್ಷಣ ಒಂದೇ ಆದರೂ ರೋಗ ಒಂದಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಬಣ್ಣದ ಪರದೆಗೆ ಸುಮಾರು 25,000 ವೋಲ್ಟ್ ಬೇಕಾಗುತ್ತಿದ್ದುದರಿಂದ, ಆ ಪ್ರಬಲವಾದ ಸ್ಥಿರವಿದ್ಯುತ್ತು ಮರುಭೂಮಿಯ ಸೂಕ್ಷ್ಮ ಧೂಳನ್ನು ಒಳಗೆ ಸೆಳೆಯುತ್ತಿದ್ದಿತು. ಕಡಲ ಗಾಳಿಯ ತೇವ ಅದಕ್ಕೆ ಸೇರಿತೆಂದರೆ ಕಿಡಿ ಹಾರಲು ದಾರಿಯಾಗುತ್ತಿದ್ದಿತು. ಬಿಸಿಯಾಗಿ ಆರುತ್ತ, ಆರಿ ಬಿಸಿಯಾಗುತ್ತ ಪರದೆಗೆ ಆ ಅಧಿಕ ವೋಲ್ಟೇಜನ್ನೊದಗಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ಕಾಲುಗಳ ಬೆಸುಗೆ ಬಿರಿಯುವುದೂ ಉಂಟು. ಡ್ರೈ ಸೋಲ್ಡರ್ ಎಂದು ಕೆಲಸಗಾರರು ಕರೆಯುವ, ಕೂದಲೆಳೆಯಷ್ಟು ಸಣ್ಣದಾದ ಆ ಬಿರುಕು, ಮಾನಿಟರಿನ ಬೆನ್ನನ್ನು ಮೆಲ್ಲಗೆ ತಟ್ಟಿದರೆ ಚಿತ್ರ ಮರಳಿ ಬರುವುದರಿಂದಲೇ ಪತ್ತೆಯಾಗುತ್ತಿದ್ದಿತು.

ಚಪ್ಪಟೆ ಪರದೆಗಳು ಬಂದ ಮೇಲೆ ವಿದ್ಯೆ ಬದಲಾಯಿತು. ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನ ದೀಪ ನಂದಿದರೆ ಚಿತ್ರವಿದ್ದೂ ಇಲ್ಲದಂತೆ. ಆದ್ದರಿಂದ ನುರಿತವನು ಕೋಣೆಯ ದೀಪವಾರಿಸಿ, ಕಪ್ಪು ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದು, ಕಣ್ಣನ್ನು ಹತ್ತಿರ ತಂದು ನೋಡುವನು. ಕಿಟಕಿಗಳ, ಅಕ್ಷರಗಳ ಛಾಯೆ ಅಲ್ಲಿ ಮಸುಕಾಗಿ ತೋರಿತೋ, "ಅಣ್ಣ, ಪಿಕ್ಚರ್ ಉಂಟು, ಬ್ಯಾಕ್‌ಲೈಟ್ ಹೋಗಿದೆ" ಎಂದು ಕಿರಿಯನು ಹಿರಿಯನಿಗೆ ಹೇಳುವನು. ಒಂದೆರಡು ಕ್ಷಣ ಬೆಳಗಿ ಆರಿದರೆ, ಹಿಂದಿನ ದೀಪಕ್ಕೆ ವಿದ್ಯುತ್ತೊದಗಿಸುವ ಇನ್ವರ್ಟರು ತನ್ನನ್ನು ತಾನೇ ರಕ್ಷಿಸಿಕೊಂಡಿದೆಯೆಂದು ಊಹೆ. ಬಟನ್ ಒತ್ತಿದಾಗ ಮಾನಿಟರಿನದೇ ಮೆನು ಸ್ಪಷ್ಟವಾಗಿ ಮೂಡಿದರೆ ಪರದೆ ನಿರ್ದೋಷಿ. ಕೇಬಲನ್ನೋ ಕಂಪ್ಯೂಟರನ್ನೋ ವಿಚಾರಿಸತಕ್ಕದ್ದು. ಬಿಚ್ಚುವ ಮೊದಲೇ ಇಷ್ಟನ್ನೂ ತಿಳಿಯಬಲ್ಲವನನ್ನು ನಾನು ವೈದ್ಯನಿಗಿಂತ ಕಡಿಮೆಯೆಂದು ಭಾವಿಸಲಾರೆ.

ಈ ವೃತ್ತಿಗೆ ಅತ್ಯಧಿಕ ಕೆಲಸವೊದಗಿಸಿದುದು ಕೆಪ್ಯಾಸಿಟರೆಂಬ ಕಿರುಬೆರಳಷ್ಟರ ಡಬ್ಬಿ. 2000ದ ಆಸುಪಾಸಿನಿಂದ ಹಲವು ವರ್ಷ, ದೋಷಯುಕ್ತ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ಲೋಕದ ಮಾರುಕಟ್ಟೆಯನ್ನೆಲ್ಲ ಹೊಕ್ಕವು. ಅವುಗಳ ನೆತ್ತಿ ಪೂರಿಯಂತೆ ಉಬ್ಬಿ, ಕಂದು ರಸ ಜಿನುಗುತ್ತಿದ್ದಿತು; ಆಗ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಶಕ್ತಿ ಕುಂದಿ ಪರದೆ ಬಾರಿಬಾರಿಗೂ ಆರುತ್ತಿದ್ದಿತು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕೆಪ್ಯಾಸಿಟರಿನ ಆಯುಸ್ಸು ಸುಮಾರು ಅರ್ಧವಾಗುವುದೆಂಬುದು ತಜ್ಞರು ಒಪ್ಪಿದ ಲೆಕ್ಕ. ಹೊರಗೆ 45 ಡಿಗ್ರಿ ದಾಟುವ ನಾಡಿನಲ್ಲಿ, ಎಸಿಯಿಲ್ಲದ ಗೋದಾಮಿನಲ್ಲಿ ಉರಿಯುವ ಪರದೆಯ ಪಾಡನ್ನು ಊಹಿಸಬಹುದು. ಹಳೆಯದನ್ನು ತೆಗೆದು, 105 ಡಿಗ್ರಿ ತಾಳುವುದೆಂದು ಗುರುತು ಹಾಕಿದ ಹೊಸದನ್ನು ಬೆಸೆದರೆ ಮಾನಿಟರು ಮತ್ತೆ ಕೆಲವು ವರ್ಷ ಬಾಳುತ್ತಿದ್ದಿತು.

ಹೊಸ ಮಾನಿಟರಿನ ಬೆಲೆ ಇಳಿದಂತೆಲ್ಲ ರಿಪೇರಿಯ ಗಿರಾಕಿಗಳೂ ಇಳಿದರು. ಬಿಚ್ಚಿದರೆ ಒಡೆಯುವಂತೆ ಅಂಟಿಸಿದ ಪರದೆಗಳನ್ನು ತಯಾರಿಸುವುದು ಕೈಗಾರಿಕೆಯ ಪ್ರಗತಿಯೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಊರಿಗೆ ಮರಳಿ ಕರಾವಳಿಯ ಪೇಟೆಗಳಲ್ಲಿ ಅಂಗಡಿಯಿಟ್ಟವರಿಗಾದರೋ ಬೇರೆಯೇ ಪಾಠ ಕಾದಿದ್ದಿತು. ದುಬೈಯಲ್ಲಿ ಶತ್ರು ಸೆಕೆ ಮತ್ತು ಧೂಳು. ವಿದ್ಯುತ್ ತಂತಿಗಳು ಬಹುಪಾಲು ನೆಲದಡಿಯಲ್ಲಿ. ಇಲ್ಲಿಯೋ ಕಂಬದಿಂದ ಕಂಬಕ್ಕೆ ತೂಗುವ ತಂತಿ, ವೋಲ್ಟೇಜಿನ ಏರಿಳಿತ, ಮುಂಗಾರಿನ ಮೊದಲ ಸಿಡಿಲು. ಆದುದರಿಂದ ಅಲ್ಲಿ ಕಲಿತ ಕೈ ಇಲ್ಲಿ ಟಾರ್ಚನ್ನೆತ್ತುವ ಮೊದಲು, ನಿನ್ನೆ ರಾತ್ರಿ ಗುಡುಗಿತ್ತೇ, ಪ್ಲಗ್ ತೆಗೆದಿದ್ದಿರೇ ಎಂದು ವಿಚಾರಿಸಿ, ಪವರ್ ಬೋರ್ಡಿನ ಫ್ಯೂಸಿನಿಂದ ಪರೀಕ್ಷೆಯನ್ನಾರಂಭಿಸುವುದನ್ನು ರೂಢಿಸಿಕೊಂಡಿತು.