ಸಂಗೀತದ ನಿತ್ಯಶ್ರವಣ

ಸಂಗೀತದ ಮಹಿಮೆಯನ್ನು ಕುರಿತು ನಮ್ಮಲ್ಲಿ ಕಥೆಗಳಿಗೆ ಕೊರತೆಯಿಲ್ಲ. ದೀಪಕರಾಗದಿಂದ ದೀಪಗಳು ತಾವಾಗಿ ಹತ್ತಿಕೊಂಡವೆಂದೂ, ಮೇಘರಾಗದಿಂದ ಮಳೆ ಸುರಿಯಿತೆಂದೂ, ಗಾನಕ್ಕೆ ಕಲ್ಲು ಕರಗಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಇವನ್ನು ಕೇಳಿ ಸಂತೋಷಪಡುವುದರಲ್ಲಿ ದೋಷವೇನೂ ಇಲ್ಲ. ಆದರೆ ಇವುಗಳಿಂದ ಒಂದು ಹಾನಿಯುಂಟು. ಸಂಗೀತದ ಪ್ರಯೋಜನವೆಂದರೆ ಎಂದೋ ಒಂದು ದಿನ ಯಾರೋ ಒಬ್ಬ ಮಹಾಪುರುಷನಿಂದ ನಡೆಯತಕ್ಕ ಪವಾಡವೆಂಬ ಭಾವನೆ ಬೇರೂರುತ್ತದೆ. ದುಡಿದು ಬಳಲಿ ಸಂಜೆ ಮನೆ ಸೇರುವ ಗೃಹಸ್ಥನಿಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ತೋರುತ್ತದೆ. ಚರಿತ್ರೆಯ ಸಾಕ್ಷ್ಯವಾದರೋ ಬೇರೆಯಾಗಿದೆ. ಶಾಸ್ತ್ರೀಯ ಸಂಗೀತವು ಮನುಷ್ಯನ ದೇಹಕ್ಕೂ ಮನಸ್ಸಿಗೂ ಮಾಡಿರುವ ಉಪಕಾರವು ಬಹುಮಟ್ಟಿಗೆ ನಿತ್ಯದ ಅಭ್ಯಾಸದಿಂದ ಆದದ್ದು. ಇದನ್ನು ಕೆಲವು ದೃಷ್ಟಾಂತಗಳ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನಿಂದಲೇ ಆರಂಭಿಸಬಹುದು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿರುವ ಈ ಗ್ರಂಥದಲ್ಲಿ ರಾಜ್ಯಭಾರ, ಕೋಶ, ಸೈನ್ಯ ಮೊದಲಾದವುಗಳೊಡನೆ ಸ್ನಾನ, ಭೋಜನ, ತಾಂಬೂಲಗಳ ವಿಚಾರವೂ ಬರುತ್ತದೆ. ಅನಂತರ ವಿನೋದಗಳ ವಿಂಶತಿಯಲ್ಲಿ ಮಲ್ಲಯುದ್ಧ, ಕುಕ್ಕುಟಯುದ್ಧಗಳ ಜೊತೆಗೇ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಸ್ಥಾನ ದೊರೆತಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಂಗೀತವನ್ನು ಹಬ್ಬದ ದಿನದ ಅಲಂಕಾರವೆಂದು ಆ ದೊರೆಯು ಎಣಿಸಲಿಲ್ಲ. ಊಟ ನಿದ್ರೆಗಳಂತೆ ಅದೂ ಬಾಳುವೆಯ ಕ್ರಮದಲ್ಲಿ ಸೇರತಕ್ಕದ್ದೆಂದು ಭಾವಿಸಿದನು. ಗ್ರಂಥಕ್ಕೆ ಇಟ್ಟ ಹೆಸರೇ ಮನಸ್ಸಿನ ಉಲ್ಲಾಸವೆಂಬುದಲ್ಲವೆ?

ಸೋಮೇಶ್ವರನ ಬಳಿಕ ಸುಮಾರು ನೂರು ವರ್ಷಗಳಿಗೆ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು. ಸಂಗೀತಶಾಸ್ತ್ರಕ್ಕೆ ಇಂದಿಗೂ ಆಧಾರವಾಗಿರುವ ಈ ಗ್ರಂಥವನ್ನು ಮೊದಲು ತೆರೆದವರು ಬೆರಗಾಗುವುದುಂಟು. ಏಕೆಂದರೆ ಶ್ರುತಿ ಸ್ವರಗಳ ಮಾತು ಬರುವುದಕ್ಕೆ ಮೊದಲೇ ಪಿಂಡೋತ್ಪತ್ತಿಪ್ರಕರಣವೆಂಬ ಭಾಗವು ಎದುರಾಗುತ್ತದೆ. ಗರ್ಭದಲ್ಲಿ ಶಿಶುವು ಬೆಳೆಯುವ ಬಗೆ, ಶರೀರದ ಧಾತುಗಳು, ನಾಡಿಗಳು, ಇವೆಲ್ಲ ಅಲ್ಲಿ ಆಯುರ್ವೇದದ ರೀತಿಯಲ್ಲಿ ವಿವರಿಸಲ್ಪಟ್ಟಿವೆ. ಶಾರ್ಙ್ಗದೇವನು ವೈದ್ಯವನ್ನೂ ಬಲ್ಲವನು. ನಾದವು ಹುಟ್ಟುವುದು ಶರೀರದಲ್ಲಿ. ಆದುದರಿಂದ ಶರೀರವನ್ನು ತಿಳಿಯದೆ ನಾದವನ್ನು ತಿಳಿಯಲಾಗದೆಂಬುದು ಅವನ ಕ್ರಮ. ಗಾನವೂ ಆರೋಗ್ಯವೂ ನೆರೆಹೊರೆಯವೆಂಬ ತಿಳಿವು ಈ ದೇಶದಲ್ಲಿ ಹೊಸತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಶಾಸ್ತ್ರಕಾರರ ಮಾತು ಹೀಗಾಯಿತು. ರೋಗಿಯೊಬ್ಬನ ವಿಷಯದಲ್ಲಿ ಅನುಭವವೇನೆಂಬುದನ್ನು ನೋಡಬೇಕಾದರೆ ದೂರದೇಶದ ಒಂದು ಅರಮನೆಗೆ ಹೋಗಬೇಕು. ಸ್ಪೇನಿನ ದೊರೆ ಐದನೆಯ ಫಿಲಿಪನು ಬಹುಕಾಲ ವಿಷಾದರೋಗದಿಂದ ನರಳಿದನು. ಹಾಸಿಗೆ ಬಿಟ್ಟು ಏಳನು, ಕ್ಷೌರ ಮಾಡಿಸಿಕೊಳ್ಳನು, ಮಂತ್ರಿಗಳ ಸಭೆಗೆ ಬಾರನು. ರಾಣಿ ಎಲಿಜಬೆತ್ ಫಾರ್ನೀಸಳು ಇಟಲಿಯ ಸುಪ್ರಸಿದ್ಧ ಗಾಯಕ ಫಾರಿನೆಲ್ಲಿಯನ್ನು 1737ರಲ್ಲಿ ಕರೆಯಿಸಿದಳು. ಯೂರೋಪಿನ ರಂಗಶಾಲೆಗಳಲ್ಲೆಲ್ಲ ಜಯಘೋಷ ಪಡೆದಿದ್ದ ಆತನು ಸಾರ್ವಜನಿಕ ಗಾಯನವನ್ನೇ ತೊರೆದು ಅರಸನೊಬ್ಬನಿಗಾಗಿ ಹಾಡತೊಡಗಿದನು. ರಾತ್ರಿ ರಾತ್ರಿಯೂ ಅವೇ ಕೆಲವು ಹಾಡುಗಳನ್ನು ಹಾಡುತ್ತಿದ್ದನೆಂದು ಪ್ರತೀತಿ. ಅರಸನು ಎದ್ದನು, ಕೆಲಸಗಳಲ್ಲಿ ಮತ್ತೆ ಮನಸ್ಸಿಟ್ಟನು. ಆದರೆ ರೋಗವು ನಿರ್ಮೂಲವಾಗಲಿಲ್ಲ. ಗಾಯನವೂ ನಿಲ್ಲಲಿಲ್ಲ; 1746ರಲ್ಲಿ ಫಿಲಿಪನು ಸಾಯುವವರೆಗೆ, ಒಂಬತ್ತು ವರ್ಷ, ನಡೆದು ಬಂದಿತು. ಈ ವೃತ್ತಾಂತವನ್ನು ಗಾನದ ಪವಾಡವೆಂದು ಹೇಳುವವರು ಕೊನೆಯ ಭಾಗವನ್ನು ಬಿಟ್ಟುಬಿಡುವುದುಂಟು. ನನಗಾದರೋ ಕೊನೆಯ ಭಾಗವೇ ಮುಖ್ಯವೆಂದು ತೋರುತ್ತದೆ. ಗಾನವು ಆ ದೊರೆಯ ವ್ಯಾಧಿಯನ್ನು ಕಳೆಯಲಿಲ್ಲ. ಅವನ ದಿನಕ್ಕೆ ಒಂದು ಕಟ್ಟನ್ನು ಕೊಟ್ಟಿತು.

ಅರಸರಿಗೆ ಗಾಯಕರನ್ನು ಕರೆಯಿಸುವ ಶಕ್ತಿಯಿತ್ತು. ಬಡವನಿಗೆ ಏನು ಗತಿ? ಈ ಪ್ರಶ್ನೆಗೆ ನಮ್ಮ ನಾಡು ಕೊಟ್ಟ ಉತ್ತರವು ಹೆಮ್ಮೆಪಡತಕ್ಕದ್ದು. ಹದಿನಾರನೆಯ ಶತಮಾನದ ಪುರಂದರದಾಸರು ರಾಗತಾಳಗಳನ್ನು ಬೀದಿಗೂ ಮನೆಯ ಅಂಗಳಕ್ಕೂ ತಂದರು. ಮಾಯಾಮಾಳವಗೌಳದ ಸರಳೆವರಸೆಯಿಂದ ಪಾಠವನ್ನು ಆರಂಭಿಸುವ ಪದ್ಧತಿಯೂ ಅವರದೆಂದೇ ಸಂಪ್ರದಾಯ. ಕಳೆದ ಶತಮಾನದ ಆರಂಭದಲ್ಲಿ ಮೈಸೂರಿನ ಆಸ್ಥಾನವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರು ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದುದಲ್ಲದೆ, ಶಿವರಾಮಪೇಟೆಯಲ್ಲಿ ಪ್ರಸನ್ನ ಸೀತಾರಾಮಮಂದಿರವನ್ನು ಕಟ್ಟಿಸಿದರು. ಅರಮನೆಯ ವಿದ್ವಾಂಸರ ಗಾನವು ಪೇಟೆಯ ಜನರ ಕಿವಿಗೂ ಬೀಳುವಂತಾಯಿತು. ಬೆಂಗಳೂರಿನ ಶ್ರೀರಾಮಸೇವಾ ಮಂಡಲಿಯು 1939ರಿಂದ ರಾಮನವಮಿಯ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದುದೂ ಇದೇ ಹಾದಿಯಲ್ಲಿ.

ಆದರೂ ಉತ್ಸವವು ವರ್ಷಕ್ಕೊಮ್ಮೆ ಬರತಕ್ಕದ್ದು. ಸಂಗೀತವು ಪ್ರತಿದಿನವೂ ಮನೆಯೊಳಕ್ಕೆ ಬರುವಂತೆ ಮಾಡಿದವರಲ್ಲಿ ಮೊದಲು ಸ್ಮರಿಸಬೇಕಾದವರು ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು. ಇವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠ್ಠಲವಿಹಾರ’ದಲ್ಲಿಯೇ 30 ವ್ಯಾಟ್ ಶಕ್ತಿಯ ಒಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಅದು ಅಂದಿನ ಒಂದು ಮನೆಯ ದೀಪಕ್ಕೆ ಸಾಲುವಷ್ಟು ಶಕ್ತಿ. ಅದಕ್ಕೆ ದೊರೆತ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಖರ್ಚಿನ ಹೊರೆಯನ್ನು ಹಲವು ವರ್ಷ ಬಹುಮಟ್ಟಿಗೆ ತಾವೇ ಹೊತ್ತರು; 1942ರಲ್ಲಿ ಮೈಸೂರು ಸರ್ಕಾರವು ಅದನ್ನು ವಹಿಸಿಕೊಂಡಿತು. ಇಷ್ಟು ಸಾಹಸಪಟ್ಟ ಇವರು ಸಂಗೀತಗಾರರೂ ಅಲ್ಲ, ಯಂತ್ರಶಾಸ್ತ್ರದ ಅಧ್ಯಾಪಕರೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸನ್ನು ಅಭ್ಯಾಸಮಾಡಿದವರೊಬ್ಬರು ಮನೆಮನೆಗೆ ನಾದವನ್ನು ಕಳುಹಿಸಲು ಹೊರಟುದು ಎಷ್ಟು ಉಚಿತವೆಂಬುದನ್ನು ವಾಚಕರೇ ಊಹಿಸಬಹುದು.

ಇದರ ಫಲವನ್ನು ನಾನು ಸ್ವಂತ ಮನೆಯಲ್ಲಿ ಕಂಡವನು. ನನ್ನ ತಂದೆಯವರಿಗೆ ಮುಪ್ಪಿನಲ್ಲಿ ದೃಷ್ಟಿ ಹೋಯಿತು. ಹಗಲು ರಾತ್ರಿಗಳ ಭೇದವಳಿದು, ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕುಳಿತು, ಬೆಳಗಾಯಿತೇ ಎಂದು ಕೇಳುವರು, ಊಟವೂ ನಿದ್ರೆಯೂ ಕೆಟ್ಟವು, ಮಾತು ಕಡಿಮೆಯಾಯಿತು. ತಾಯಿಯವರು ಹಾಸಿಗೆಯ ಬಳಿ ರೇಡಿಯೋ ಇರಿಸಿದರು. ಬೆಳಗಿನ ನಾದಸ್ವರ, ರಾತ್ರಿಯ ಕಚೇರಿ, ಇವೆರಡೂ ಅವರಿಗೆ ಸೂರ್ಯೋದಯ ಸೂರ್ಯಾಸ್ತಗಳಾದವು. ಕೆಲವು ವಾರಗಳಲ್ಲಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಕಣ್ಣು ಮರಳಿ ಬರಲಿಲ್ಲ. ಆದರೆ ದಿನವು ಮರಳಿ ಬಂದಿತು. ಸ್ಪೇನಿನ ದೊರೆಯ ಕಥೆಯನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಆ ಕೋಣೆಯೇ ನೆನಪಾಗುತ್ತದೆ.

ಈಗಿನ ವಿಜ್ಞಾನವು ಈ ವಿಷಯದಲ್ಲಿ ಏನೆನ್ನುತ್ತದೆ? ಮೋಟ್ಸಾರ್ಟನ ಕೃತಿಯೊಂದನ್ನು ಹತ್ತು ನಿಮಿಷ ಕೇಳಿದ ವಿದ್ಯಾರ್ಥಿಗಳು ಒಂದು ಬಗೆಯ ಬುದ್ಧಿಪರೀಕ್ಷೆಯಲ್ಲಿ ಮುಂದಾದರೆಂಬ ವರದಿ 1993ರಲ್ಲಿ ಹೊರಬಿದ್ದಿತು. ಲೋಕವೆಲ್ಲ ಹುಚ್ಚೆದ್ದು ಕೂಸುಗಳ ತೊಟ್ಟಿಲ ಬಳಿ ಆ ಸಂಗೀತವನ್ನು ನುಡಿಸಿತು. ವಾಸ್ತವವಾಗಿ ಆ ಫಲವು ಕಾಲುಗಂಟೆಯ ಮೇಲೆ ನಿಲ್ಲಲಿಲ್ಲ. ಪವಾಡದ ಆಸೆಯು ನಮ್ಮೊಬ್ಬರದೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ. ನಿದಾನವಾದ ಪ್ರಯೋಗಗಳಿಂದ ತಿಳಿದುಬಂದುದು ಹೆಚ್ಚು ನಂಬತಕ್ಕದ್ದು. ನಿದ್ರೆ ಬಾರದವರನ್ನು ಕುರಿತ ಪರೀಕ್ಷೆಗಳಲ್ಲಿ, ದಿನವೂ 25ರಿಂದ 60 ನಿಮಿಷದವರೆಗೆ ಸಂಗೀತ ಕೇಳಿದವರ ನಿದ್ರೆಯ ಗುಣವು ಉತ್ತಮಗೊಂಡಿತು. ಇಟಲಿಯ ಬರ್ನಾರ್ಡಿ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯೂರೋಪಿನ ಸಂಗೀತದೊಡನೆ ನಮ್ಮ ರಾಗಸಂಗೀತವನ್ನೂ 24 ಮಂದಿಗೆ ಕೇಳಿಸಲಾಯಿತು. ದ್ರುತಲಯದಲ್ಲಿ ಉಸಿರೂ ನಾಡಿಯೂ ಚುರುಕಾದವು. ಸಂಗೀತದ ಶೈಲಿಗಿಂತ ಲಯವೇ ಹೆಚ್ಚು ಮುಖ್ಯವೆನಿಸಿತು. ಎಲ್ಲಕ್ಕಿಂತ ಸೋಜಿಗದ ಸಂಗತಿ, ನಡುವೆ ಬಿಟ್ಟ ಎರಡು ನಿಮಿಷಗಳ ಮೌನದಲ್ಲಿ ಹೃದಯದ ಬಡಿತವೂ ರಕ್ತದ ಒತ್ತಡವೂ ಮೊದಲಿಗಿಂತ ಕೆಳಗಿಳಿದವು. ವಿಲಂಬದ ಆಲಾಪನೆಯಲ್ಲಿ ಗಾಯಕನು ಷಡ್ಜದ ಮೇಲೆ ನಿಂತು ಸುಮ್ಮನಾಗುವ ಕ್ಷಣದ ಬೆಲೆಯನ್ನು ರಸಿಕರು ಮೊದಲಿನಿಂದ ಬಲ್ಲರು.

ಸೋಮೇಶ್ವರನಿಗೆ ಗಾಯಕರಿದ್ದರು, ಫಿಲಿಪನಿಗೆ ಫಾರಿನೆಲ್ಲಿಯಿದ್ದನು, ನಮ್ಮ ತಂದೆಯವರಿಗೆ ರೇಡಿಯೋ ಇತ್ತು. ಇಂದು ಯಾವ ರಾಗವನ್ನಾದರೂ ಯಾವ ಗಳಿಗೆಯಲ್ಲಾದರೂ ಕೇಳುವ ಉಪಕರಣವು ಪ್ರತಿಯೊಬ್ಬನ ಜೇಬಿನಲ್ಲಿದೆ. ಅರಸರಿಗೂ ಇರದಿದ್ದ ಸಿರಿಯಿದು. ಕಳೆದುಹೋದದ್ದು ಒಂದೇ, ಗೊತ್ತಾದ ಹೊತ್ತು. ಯಾವಾಗ ಬೇಕಾದರೂ ಕೇಳಬಹುದಾದದ್ದನ್ನು ಎಂದೂ ಕೇಳದೆ ಉಳಿಯುವುದು ಮನುಷ್ಯಸ್ವಭಾವ. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ದಿನದಲ್ಲಿ ಅರ್ಧ ಗಂಟೆಯನ್ನು ಗೊತ್ತುಮಾಡಿಕೊಳ್ಳಿರಿ, ಒಂದೇ ರಾಗವಾದರೂ ಸರಿ, ಬೇರೆ ಕೆಲಸವನ್ನು ಬದಿಗಿರಿಸಿ ಕೇಳಿರಿ, ಮುಗಿದ ಮೇಲೆ ಎರಡು ನಿಮಿಷ ಮೌನವಾಗಿ ಕುಳಿತಿರಿ. ಮನೆಯಲ್ಲಿ ವೃದ್ಧರಿದ್ದರೆ ಅವರನ್ನೂ ಬಳಿಗೆ ಕರೆದುಕೊಳ್ಳಿರಿ. ದೀಪವು ತಾನಾಗಿ ಹತ್ತಲಾರದು, ನಿಜ. ಹತ್ತಿಸಿದ ದೀಪದ ಬಳಿ ನಾಲ್ವರು ಕೂಡಿ ಕುಳಿತರೆ ಅದೇ ಸಾಕಷ್ಟು ಲಾಭ.